ತಯಾರಿಕೆ ನಿಂತ ಪಿಸ್ತೂಲುಗಳ ಮೇಲೆ ಏಕಿಷ್ಟು ಮೋಹ?

ಹೊಸ ಪಿಸ್ತೂಲುಗಳು ಹಗುರವಾಗಿವೆ, ಹೆಚ್ಚು ಗುಂಡು ಹಿಡಿಯುತ್ತವೆ, ಕೆಟ್ಟರೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಹೀಗಿದ್ದೂ ಕಾರ್ಖಾನೆಯೇ ಕೈಬಿಟ್ಟ ಹಳೆಯ ಮಾದರಿಗಳನ್ನು ಜನ ಏಕೆ ಹುಡುಕಿಕೊಂಡು ಹೋಗುತ್ತಾರೆ, ಇಟ್ಟುಕೊಂಡವರು ಏಕೆ ಮಾರಲು ಒಪ್ಪುವುದಿಲ್ಲ ಎಂದು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಅಪರೂಪದ ವಸ್ತುವಿಗೆ ಮುಂದೆ ಬೆಲೆ ಬರುತ್ತದೆ ಎಂಬ ಲೆಕ್ಕಾಚಾರ ಕೆಲವರಲ್ಲಿ ಇದ್ದೇ ಇದೆ. ಆದರೆ ಅಂಥವರು ಪಿಸ್ತೂಲನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೇ ಕಡಿಮೆಯಾದ್ದರಿಂದ ಅವರ ಮಾತು ಇಲ್ಲಿ ಬೇಡ. ಗುರಿಯ ಅಭ್ಯಾಸಕ್ಕೆ ಒಯ್ದು, ಬಿಚ್ಚಿ ಒರೆಸಿ, ಎಣ್ಣೆ ಹಚ್ಚಿ ಇಡುವವರ ಪ್ರೀತಿಯ ಬಗ್ಗೆ ನನ್ನ ಉತ್ತರ ಇಷ್ಟು: ಅವರು ಮೆಚ್ಚುವ ಗುಣ ಯಾವುದೋ, ಬಹುಪಾಲು ಅದೇ ಗುಣ ಆ ಪಿಸ್ತೂಲಿನ ತಯಾರಿಕೆಯನ್ನು ನಿಲ್ಲಿಸಿದ್ದು.

ಇದಕ್ಕೆ ಕೋಲ್ಟ್ ಕಂಪನಿಯ ಪೈಥಾನ್ ರಿವಾಲ್ವರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 1955ರಲ್ಲಿ ಬಂದ ಈ ರಿವಾಲ್ವರಿನ ಕಡುನೀಲಿ ಹೊಳಪನ್ನು ನೋಡಿದವರು ಅದನ್ನು ಬಣ್ಣದ ಮಹಿಮೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಆ ನೀಲಿ ಉಕ್ಕಿನ ಮೇಲ್ಮೈಯಲ್ಲಿ ಬೇಕೆಂದೇ ಮೂಡಿಸಿದ ತೆಳು ಆಕ್ಸೈಡ್ ಪದರವಷ್ಟೇ, ಅದರ ಆಳವೆಲ್ಲ ಕೆಳಗಿನ ಪಾಲಿಶ್‌ನಿಂದ ಬಂದದ್ದು. ಅಂಚುಗಳು ದುಂಡಾಗದಂತೆ, ತಿರುಪಿನ ರಂಧ್ರಗಳ ಸುತ್ತ ತಗ್ಗು ಬೀಳದಂತೆ ಉಕ್ಕನ್ನು ಕನ್ನಡಿಯಾಗುವವರೆಗೆ ಉಜ್ಜುವುದು ಪಳಗಿದ ಕೈಗಳಿಗೆ ಮಾತ್ರ ಸಾಧ್ಯವಿದ್ದ ಕೆಲಸವಾಗಿತ್ತು. ಒಳಗಿನ ಕಥೆಯೂ ಬೇರೆಯಲ್ಲ. ಟ್ರಿಗರನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿದಾಗ, ಗುಂಡುಗಳ ಕೋಣೆಗಳಿರುವ ಸಿಲಿಂಡರನ್ನು ತಿರುಗಿಸುವ ಪುಟ್ಟ ಉಕ್ಕಿನ ತುಂಡು ಅದನ್ನು ಒತ್ತಿಕೊಂಡೇ ಇರುವುದರಿಂದ ಸಿಲಿಂಡರ್ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಗುಂಡು ಸಿಡಿಯುವ ಕ್ಷಣದಲ್ಲಿ ಅದರ ಕೋಣೆ ನಳಿಕೆಗೆ ನೇರವಾಗಿ ನಿಂತಿರುತ್ತದೆ. ಆದರೆ ಪ್ರತಿ ಗುಂಡಿನ ಪೆಟ್ಟನ್ನೂ ಸ್ವಲ್ಪಮಟ್ಟಿಗೆ ಆ ತುಂಡೇ ತಾಳಿಕೊಳ್ಳಬೇಕಾದ್ದರಿಂದ ಅದು ಸವೆಯುತ್ತದೆ. ಸವೆದಾಗ ಅರ ಹಿಡಿದು ಹೊಸ ತುಂಡನ್ನು ಅದೇ ರಿವಾಲ್ವರಿಗೆ ಹೊಂದಿಸಬಲ್ಲ ಕುಶಲಕರ್ಮಿಯೇ ಬೇಕು. ಇಂಥವರಿಗೆ ಸಂಬಳ ಕೊಟ್ಟು ಇಂಥ ರಿವಾಲ್ವರ್ ಮಾಡಿ ಮಾರುವುದು ಕಾರ್ಖಾನೆಗೆ ಕಷ್ಟವಾಗುತ್ತ ಹೋಯಿತು, 2005ರ ಹೊತ್ತಿಗೆ ಪೈಥಾನ್ ಪೂರ್ತಿ ನಿಂತಿತು.

ಜರ್ಮನಿಯ ಹೆಕ್ಲರ್ ಅಂಡ್ ಕಾಕ್‌ನ ಪಿ7 ಇನ್ನೊಂದು ಬಗೆಯದು. ಅದರ ಸೊಬಗು ಹೊಳಪಿನಲ್ಲಿಲ್ಲ, ಯೋಚನೆಯಲ್ಲಿದೆ. ಹಿಡಿಯ ಮುಂಭಾಗದಲ್ಲಿ ಒಂದು ಸನ್ನೆಕೋಲು (ಲಿವರ್) ಇದೆ. ಪಿಸ್ತೂಲನ್ನು ಬಿಗಿಯಾಗಿ ಹಿಡಿದರೆ ಅದು ಒಳಸರಿದು ಗುಂಡು ಹಾರಿಸಲು ಸಿದ್ಧವಾಗುತ್ತದೆ, ಹಿಡಿತ ಸಡಿಲಿಸಿದೊಡನೆ ನಿರಪಾಯವಾಗುತ್ತದೆ. ನಳಿಕೆ ಚೌಕಟ್ಟಿಗೆ ಭದ್ರವಾಗಿ ಕೂತಿದೆ. ಗುಂಡು ಸಿಡಿದಾಗ ನಳಿಕೆಯ ಸಣ್ಣ ರಂಧ್ರದಿಂದ ಹೊರಬರುವ ಅನಿಲವೇ ಕೆಳಗಿನ ಕೊಳವೆಯೊಳಗೆ ಸೇರಿ, ಪಿಸ್ತೂಲಿನ ಮೇಲ್ಭಾಗದ ಸರಿಯುವ ಉಕ್ಕು, ಅಂದರೆ ಸ್ಲೈಡ್, ಹಿಂದಕ್ಕೆ ಚಿಮ್ಮುವುದನ್ನು ತಡೆದು ನಿಧಾನಗೊಳಿಸುತ್ತದೆ. ಕೈಗೆ ಬರುವ ಒದೆತ ಮೃದು, ಗುರಿ ಕರಾರುವಾಕ್ಕು. ಬೇಗಬೇಗನೆ ಹಲವು ಸುತ್ತು ಹಾರಿಸಿದರೆ ಮಾತ್ರ ಟ್ರಿಗರಿನ ಮೇಲಿನ ಉಕ್ಕು ಬೆರಳು ಸುಡುವಷ್ಟು ಕಾಯುತ್ತದೆ, ಆ ದೂರನ್ನು ಪಿ7 ಇರುವವರೆಲ್ಲ ಒಂದಲ್ಲ ಒಂದು ಸಲ ಹೇಳಿಯೇ ಹೇಳುತ್ತಾರೆ, ಆದರೂ ಬಿಡುವುದಿಲ್ಲ. ಇದರ ತಯಾರಿಕೆ 2008ರಲ್ಲಿ ನಿಂತಿತು.

1982ರಲ್ಲಿ ಆಸ್ಟ್ರಿಯಾದ ಸೇನೆ ಗ್ಲಾಕ್ 17 ಪಿಸ್ತೂಲನ್ನು ಆಯ್ದುಕೊಂಡ ಮೇಲೆ ಈ ಉದ್ಯಮದ ದಿಕ್ಕೇ ಬದಲಾಯಿತು. ಚೌಕಟ್ಟು ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿ ತಯಾರಾಗುತ್ತದೆ, ಬಿಡಿಭಾಗಗಳನ್ನು ಒಂದರಿಂದ ಇನ್ನೊಂದಕ್ಕೆ ಅರ ಮುಟ್ಟಿಸದೆ ಬದಲಿಸಬಹುದು, ಮಣ್ಣು ನೀರಿಗೆ ಅಂಜಬೇಕಾಗಿಲ್ಲ. ಕೆಲಸಕ್ಕೆ ಒದಗುವ ಸಾಧನವಾಗಿ ಇಂಥ ಹೊಸ ಪಿಸ್ತೂಲುಗಳೇ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ, ಹಳೆಯ ಮಾದರಿಯನ್ನು ಮೆಚ್ಚುವವರೂ ಇದನ್ನು ಅಲ್ಲಗಳೆಯುವುದು ಅಪರೂಪ.

ಹಾಗೆಂದು ಈ ಮೋಹವೆಲ್ಲ ವಿವೇಚನೆಯಿಂದಲೇ ಹುಟ್ಟಿದ್ದೆಂದು ವಾದಿಸಲಾರೆ. ಸ್ಮಿತ್ ಅಂಡ್ ವೆಸನ್‌ನ ಹಳೆಯ ಮ್ಯಾಗ್ನಮ್ (ಹೆಚ್ಚು ಶಕ್ತಿಯ ತೋಟೆಯ) ರಿವಾಲ್ವರುಗಳಲ್ಲಿ ನಳಿಕೆಯನ್ನು ಅಡ್ಡಪಿನ್ನಿನಿಂದ ಭದ್ರಪಡಿಸುತ್ತಿದ್ದರು, ಸಿಲಿಂಡರಿನ ಹಿಂಬದಿಯಲ್ಲಿ ತೋಟೆಯ (ಗುಂಡು, ಮದ್ದು ತುಂಬಿದ ಕವಚದ) ಅಂಚು ಹುದುಗಿ ಕೂರುವಂತೆ ತಗ್ಗು ಕೊರೆಯುತ್ತಿದ್ದರು. 1982ರಲ್ಲಿ ಕಂಪನಿ ಎರಡನ್ನೂ ಬಿಟ್ಟಿತು. ಇಂದಿನ ಗಟ್ಟಿ ತೋಟೆಗಳಿಗೆ ಆ ತಗ್ಗಿನ ಆಸರೆ ಬೇಕಿಲ್ಲ. ಬದಲಿಗೆ ಉರಿಯದೆ ಉಳಿದ ಮದ್ದಿನ ಕಣಗಳು ಅಲ್ಲಿ ಸೇರಿಕೊಂಡರೆ ತೋಟೆ ಪೂರ್ತಿ ಒಳಗೆ ಕೂರುವುದೂ ಇಲ್ಲ. ಆದರೂ ಆ ಪಿನ್ನು, ಆ ತಗ್ಗು ಇರುವ ರಿವಾಲ್ವರಿಗೆ ಹೆಚ್ಚು ಹಣ ಕೊಡುವವರಿದ್ದಾರೆ. 2001ರಿಂದ ಅದೇ ಕಂಪನಿ ರಿವಾಲ್ವರಿನ ಪಕ್ಕದಲ್ಲಿ ಕೀಲಿ ಹಾಕುವ ಪುಟ್ಟ ರಂಧ್ರವನ್ನು ಇಡತೊಡಗಿತು, ಅದನ್ನು ಕಂಡು ಮುಖ ಸಿಂಡರಿಸುವವರ ಸಂಖ್ಯೆ ಇನ್ನೂ ದೊಡ್ಡದು. ಅವರ ಸಿಟ್ಟಿಗೆ ಅರ್ಧ ಕಾರಣ ಯಂತ್ರದ್ದಾದರೆ ಇನ್ನರ್ಧ ಕಣ್ಣಿನದು.

‘ಹಾಗಾದರೆ ನಾನೂ ಒಂದು ಕೊಳ್ಳಲೇ’ ಎಂದು ಮುಂದುವರಿಸುವವರಿಗೆ ನಾನು ಉತ್ಸಾಹದ ಬದಲು ಎಚ್ಚರಿಕೆಯನ್ನೇ ಹೇಳುತ್ತೇನೆ. 1873ರ ಕೋಲ್ಟ್ ಸಿಂಗಲ್ ಆಕ್ಷನ್ ರಿವಾಲ್ವರ್ ಆರು ಗುಂಡಿನದಾದರೂ, ತೋಟೆಗೆ ಪೆಟ್ಟು ಕೊಡುವ ಹ್ಯಾಮರ್ ಖಾಲಿ ಕೋಣೆಯ ಮೇಲೆ ಇರುವಂತೆ ಐದನ್ನೇ ತುಂಬಬೇಕು. ಇಲ್ಲವಾದರೆ ಕೈಜಾರಿ ಬಿದ್ದ ಪೆಟ್ಟಿಗೇ ಗುಂಡು ಹಾರಬಹುದು. ಇದಕ್ಕಿಂತ ಕೆಟ್ಟದ್ದು ಹೊರನೋಟಕ್ಕೆ ಕಾಣದ ಬದಲಾವಣೆ. .455 (ಇಂಚಿನ ಲೆಕ್ಕದ ಅಳತೆ) ತೋಟೆಗೆಂದು ಮಾಡಿದ ಬ್ರಿಟಿಷ್ ವೆಬ್ಲಿ ರಿವಾಲ್ವರುಗಳು ಸೇನೆಯ ಹೆಚ್ಚುವರಿ ದಾಸ್ತಾನಾಗಿ ಮಾರಾಟಕ್ಕೆ ಬಂದಾಗ, ಸುಲಭವಾಗಿ ಸಿಗುವ .45 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲಿನ) ತೋಟೆ ಹಿಡಿಯಲೆಂದು ಎಷ್ಟೋ ರಿವಾಲ್ವರುಗಳ ಸಿಲಿಂಡರಿನ ಹಿಂಬದಿಯನ್ನು ತರಿದುಬಿಟ್ಟರು. ಆ ತೋಟೆಯ ಒತ್ತಡವನ್ನು ತಾಳಲು ವೆಬ್ಲಿಯನ್ನು ರೂಪಿಸಿರಲಿಲ್ಲ. ತೋಟೆ ಸರಿಯಾಗಿ ಕೂತಿತೆಂಬ ಮಾತ್ರಕ್ಕೆ ಹಾರಿಸಬಹುದೆಂದು ತಿಳಿಯುವುದು ಕೈ ಕಳೆದುಕೊಳ್ಳುವ ದಾರಿ. ಆದ್ದರಿಂದ ಹಳೆಯದನ್ನು ಬಲ್ಲ ಕುಶಲಕರ್ಮಿ ತೋಟೆಯಿಲ್ಲದ ಖಾಲಿ ಪಿಸ್ತೂಲನ್ನು ಬಿಚ್ಚಿ, ಪರೀಕ್ಷಿಸಿ, ಒಪ್ಪುವವರೆಗೆ ಅದು ಪ್ರದರ್ಶನದ ವಸ್ತುವಷ್ಟೇ ಎಂದು ಭಾವಿಸುವುದು ಕ್ಷೇಮ.

ಕಂಪನಿಗಳು ಹಳೆಯ ಹೆಸರುಗಳನ್ನು ಮತ್ತೆ ಹೊರತರುತ್ತಿರುವುದರಿಂದ ಈ ಹುಡುಕಾಟ ನಿಲ್ಲುವುದಿಲ್ಲವೇ ಎಂಬ ಮಾತೂ ಈಚೆಗೆ ಬರುತ್ತಿದೆ. 2020ರಲ್ಲಿ ಮರಳಿದ ಪೈಥಾನ್‌ನಲ್ಲಿ ಬಿಡಿಭಾಗಗಳು ಕಡಿಮೆ, ಹಿಂಬದಿ ಗುರಿಕಿಂಡಿಯ ಕೆಳಗಿನ ಉಕ್ಕು ದಪ್ಪ. ಬಾಳಿಕೆಯ ದೃಷ್ಟಿಯಿಂದ ನಾನು ಅದನ್ನೇ ಆರಿಸುವೆ. 1935ರ ಬ್ರೌನಿಂಗ್ ಹೈ-ಪವರ್ ಪಿಸ್ತೂಲಿನ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯಕರ. ಗುಂಡುಗಳ ಡಬ್ಬಿಯಾದ ಮ್ಯಾಗಝಿನ್ ಹೊರತೆಗೆದಾಗ ಟ್ರಿಗರ್ ಕೆಲಸ ಮಾಡದಂತೆ ಅದರಲ್ಲೊಂದು ತಡೆ ಇತ್ತು. ಅದು ಮ್ಯಾಗಝಿನ್ನಿನ ಮುಖಕ್ಕೆ ಉಜ್ಜಿಕೊಂಡು ಟ್ರಿಗರಿನ ಎಳೆತವನ್ನು ಒರಟು ಮಾಡುತ್ತದೆಂದು ಮಾಲೀಕರು ದಶಕಗಳ ಕಾಲ ಗೊಣಗಿದರು. ಬೆಲ್ಜಿಯಮ್ಮಿನ ಎಫ್ಎನ್ ಕಂಪನಿ 2022ರಲ್ಲಿ ತಂದ ಹೊಸ ರೂಪದಲ್ಲಿ ಆ ತಡೆ ಇಲ್ಲ, ಹದಿಮೂರರ ಬದಲು ಹದಿನೇಳು ಗುಂಡು ಹಿಡಿಯುತ್ತದೆ, ಆದರೆ ಅದರ ಮ್ಯಾಗಝಿನ್ ಹಳೆಯದಕ್ಕೆ ಹೊಂದುವುದಿಲ್ಲ. ಹಾಗಾಗಿ ಹಳೆಯ ಹೈ-ಪವರ್ ಇರುವವರು ಹದಿಮೂರರ ಮ್ಯಾಗಝಿನ್ನುಗಳಿಗೂ ಸ್ಪ್ರಿಂಗುಗಳಿಗೂ ಇಂದಿಗೂ ಹುಡುಕಾಡುತ್ತಲೇ ಇದ್ದಾರೆ.