ಪಾಸ್ಖದ ರಾತ್ರಿ ಕೇಳಿದ ಕಂತು

2024ರಲ್ಲಿ ಪಾಸ್ಖ ಹಬ್ಬ, ಅಂದರೆ ಯೇಸುಪ್ರಭು ಸಾವಿನಿಂದ ಎದ್ದ ಈಸ್ಟರ್, ಆರ್ಥಿಕ ವರ್ಷದ ಕೊನೆಯ ದಿನವಾದ ಮಾರ್ಚ್ 31ರ ಭಾನುವಾರವೇ ಬಂದಿತ್ತು. ಸರ್ಕಾರಿ ವ್ಯವಹಾರ ನಡೆಸುವ ಬ್ಯಾಂಕ್ ಶಾಖೆಗಳು ಅಂದು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದ್ದರಿಂದ ಕಾರವಾರದ ನಮ್ಮ ಶಾಖೆಗೂ ರಜೆ ಇರಲಿಲ್ಲ. ಹಬ್ಬದ ದಿನ ದುಡಿದದ್ದಕ್ಕೆ ನನ್ನ ದೂರಿಲ್ಲ. ಹಿಂದಿನ ರಾತ್ರಿ ಇಗರ್ಜಿಯೊಳಗೆ ನಾನು ಆಡಿದ ಒಂದು ಮಾತು ಇಂದಿಗೂ ಚುಚ್ಚುತ್ತದೆ.

ಆ ವಾರವಿಡೀ ಬ್ಯಾಂಕಿನ ಪ್ರಾದೇಶಿಕ ಕಚೇರಿಯಾದ ಆರ್‌ಒದಿಂದ ದಿನಕ್ಕೆ ಮೂರು ಕಾನ್ಫರೆನ್ಸ್ ಕಾಲ್. ಎಸ್‌ಎಂಎ-2 ಪಟ್ಟಿಯಲ್ಲಿ, ಅಂದರೆ ಎರಡು ತಿಂಗಳಿಗೂ ಹೆಚ್ಚು ಬಾಕಿ ಬಿದ್ದ ಸಾಲಗಳ ಪಟ್ಟಿಯಲ್ಲಿ, ನಮ್ಮದು ಒಂದೇ ಖಾತೆ ಉಳಿದಿತ್ತು: ಬೈತಖೋಲದ ದೋಣಿಯೊಂದರ ಸಾಲ. 31ರ ದಿನದ ಲೆಕ್ಕ ಮುಗಿಯುವುದರೊಳಗೆ ಕಂತು ಬೀಳದಿದ್ದರೆ ಅದು ಕೆಟ್ಟ ಸಾಲ, ಬ್ಯಾಂಕಿನ ಭಾಷೆಯಲ್ಲಿ ಎನ್‌ಪಿಎ. ಬಲೆಗೆ ಮೀನು ಬೀಳದ ತಿಂಗಳಲ್ಲಿ ಸಾಲಗಾರರಿಗೆ ಹತ್ತು ಸಲ ಕರೆ ಮಾಡಿದರೂ ಫಲವಿಲ್ಲವೆಂದು ಹೇಳಿದರೆ ಮೇಲಿನವರು ಕೇಳುವವರಲ್ಲ.

ಶನಿವಾರ ರಾತ್ರಿ ಜಾಗರಣೆಯ ಪೂಜೆಯಲ್ಲಿ ದೀಪಗಳೆಲ್ಲ ಆರಿದ್ದವು. ಹೊಸ ಬೆಂಕಿಯಿಂದ ಹೊತ್ತಿಸಿದ ಪಾಸ್ಖದ ಮೇಣದಬತ್ತಿಯನ್ನು ಗುರುಗಳು ಒಳತಂದರು. ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿಗೆ ಬೆಳಕು ದಾಟುತ್ತ ಬಂತು. ಮುಂದಿನ ಬೆಂಚಿನಿಂದ ನನ್ನ ಕಡೆ ತಿರುಗಿದವರು ಆ ದೋಣಿಯ ಯಜಮಾನರೇ, ನನ್ನನ್ನು ಬಾಲ್ಯದಿಂದಲೂ 'ತಮ್ಮಾ' ಎಂದು ಕರೆದವರು. ಗಾಳಿಗೆ ಆರದಿರಲೆಂದು ಅಂಗೈ ಮರೆಮಾಡಿ ಅವರು ಬತ್ತಿಯನ್ನು ಓರೆಯಾಗಿ ಹಿಡಿದರು. ನನ್ನ ಬತ್ತಿ ಹೊತ್ತಿಕೊಳ್ಳುವಷ್ಟರಲ್ಲಿ ನಾನು ಕೇಳಿಬಿಟ್ಟೆ: "ಕಂತು ನಾಳೆ ಬೀಳುತ್ತದಲ್ಲ?"

ಅಕ್ಕಪಕ್ಕದವರಿಗೂ ಕೇಳಿಸಿತು. ಅವರ ಹೆಂಡತಿ ತಲೆ ತಗ್ಗಿಸಿದರು. ಕರಗಿದ ಮೇಣ ಹೆಬ್ಬೆರಳ ಮೇಲೆ ಇಳಿದರೂ ಯಜಮಾನರು ಕೈ ಹಿಂದೆಗೆಯದೆ, "ಆಯ್ತು ಸರ್," ಎಂದರು.

ಮರುದಿನ ಶಾಖೆಯಲ್ಲಿ ಖಾತೆ ತೆರೆದಾಗ ಕಂತು ಜಮಾ ಆಗಿತ್ತು. ವೇಳೆ ರಾತ್ರಿ 11.52. ಪೂಜೆ ಮುಗಿದು ಮನೆ ಮುಟ್ಟುವ ಮೊದಲೇ ಯಾರಿಂದಲೋ ಕೈಗಡ ತಂದು ಕಳುಹಿಸಿರಬೇಕು. ಆರ್‌ಒದಿಂದ ಬಂದ ಅಭಿನಂದನೆಯನ್ನು ನಾನು ಎರಡು ಬಾರಿ ಓದಿದೆ, ಸಂತೋಷದಿಂದಲೇ ಓದಿದೆ. ಪ್ರಭು ಎದ್ದ ದಿನ ನನಗೆ ಸಿಕ್ಕ ಸಂತೋಷ ಅದೊಂದೇ ಎಂಬುದು ಹೊಳೆದಾಗ ಕುರ್ಚಿಯಿಂದ ಏಳಲಾಗಲಿಲ್ಲ.

ಲಂಚ ಮುಟ್ಟದವನು ನಾನು. ಆದ್ದರಿಂದ ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದೆಂಬ ಮತ್ತಾಯನ 6ನೇ ಅಧ್ಯಾಯದ ಮಾತನ್ನು ಬೇರೆಯವರಿಗೆ ಹೇಳಿದ್ದೆಂದೇ ಓದುತ್ತಿದ್ದೆ. ಮೇಲಧಿಕಾರಿಯ ಭಯ, ಅವರ ಮೆಚ್ಚುಗೆಯ ಹಂಬಲ ಎರಡೂ ಕರ್ತವ್ಯದ ಹೆಸರಿನಲ್ಲಿ ಒಳಹೊಕ್ಕು ದೇವರ ಜಾಗದಲ್ಲಿ ಕುಳಿತದ್ದು ನನಗೆ ತಿಳಿಯಲೇ ಇಲ್ಲ. ಈಗ ವಸೂಲಿಯ ಮಾತನ್ನು ಶಾಖೆಯ ಹೊರಗೆ ಎತ್ತುವುದಿಲ್ಲ. ಪೂಜೆಗೆ ಫೋನ್ ಒಯ್ಯುವುದಿಲ್ಲ. ಮಲಗುವ ಮುನ್ನ, ಇಂದು ಯಾರಿಗೆ ಹೆಚ್ಚು ಅಂಜಿದೆ ಎಂದು ಪ್ರಭುವಿನ ಮುಂದೆ ಕೇಳಿಕೊಳ್ಳುತ್ತೇನೆ. ಮಾರ್ಚ್ ತಿಂಗಳಲ್ಲಿ ಈಗಲೂ ಬಹುಪಾಲು ಆರ್‌ಒ ಎಂಬ ಉತ್ತರವೇ ಬರುತ್ತದೆ.

ಹಬ್ಬದ ವಾರದಲ್ಲೇ ಬೈತಖೋಲಕ್ಕೆ ಹೋಗಿ ಕ್ಷಮೆ ಕೇಳಿದೆ. ಬಲೆ ಹೊಲಿಯುತ್ತಿದ್ದವರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು, ಚಹಾ ತರಿಸಿದರು. ಹೊರಡುವಾಗ, "ಮುಂದಿನ ಕಂತು ತಪ್ಪಿಸುವುದಿಲ್ಲ ಸರ್," ಎಂದರು.