ಸಿಇಟಿ ರ‍್ಯಾಂಕ್ ಬಂದ ದಿನ

ಮೇ 24, 2025, ಶನಿವಾರ
ಶಿರಸಿ

ಇವತ್ತು ಸಿಇಟಿ ಫಲಿತಾಂಶ. ಮೂರು ಲಕ್ಷಕ್ಕೂ ಜಾಸ್ತಿ ಮಕ್ಕಳು ಕಾಯುತ್ತಿದ್ದರು, ಅದರಲ್ಲಿ ನಮ್ಮ ಮನೆಯವಳೂ ಒಬ್ಬಳು. ನಾಲ್ಕೈದು ದಿನದಿಂದ ಮಳೆ ಬಿಟ್ಟಿಲ್ಲ. ಕರೆಂಟ್ ಬಂದು ಹೋಗಿ ಮಾಡುತ್ತಿದೆ. ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ, ಮಗಳು ಅಲ್ಲೇ ಕೂತಿದ್ದಳು.

"ಆಯಿ, ಬಂತು" ಎಂದಳು. ದನಿ ಕೇಳಿಯೇ ಗೊತ್ತಾಯಿತು. ತೀರಾ ಕೆಟ್ಟದೇನೂ ಆಗಿಲ್ಲ, ಆದರೆ ಅವಳು ಅಂದುಕೊಂಡಷ್ಟು ಬಂದಿಲ್ಲ. ರ‍್ಯಾಂಕ್ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವಳದು. ಹೇಳಬೇಕಾದವರಿಗೆ ಅವಳೇ ಹೇಳುತ್ತಾಳೆ.

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುನಲ್ಲಿ ತುಂಬಾ ಚೆನ್ನಾಗಿ ಮಾಡಿದ್ದಳು. ಸಿಇಟಿಯಲ್ಲಿ ಗಣಿತ ಕೈಕೊಟ್ಟಿತು. 60 ಪ್ರಶ್ನೆ, 80 ನಿಮಿಷ. ಇವಳು ನಿಧಾನದ ಹುಡುಗಿ. ಒಂದು ಲೆಕ್ಕ ಹಿಡಿದರೆ ಉತ್ತರ ಸರಿ ಅಂತ ಖಾತ್ರಿ ಆಗುವ ತನಕ ಬಿಡುವುದಿಲ್ಲ. ಸಣ್ಣವಳಿದ್ದಾಗಿಂದ ಆ ಗುಣವನ್ನು ನಾವೆಲ್ಲ ಮೆಚ್ಚಿದ್ದೇವೆ, ಈಗಲೂ ಮೆಚ್ಚುತ್ತೇನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಗೊತ್ತಿಲ್ಲದಿದ್ದರೂ ಏನಾದರೊಂದು ಗುರುತು ಹಾಕಿ ಬಾ ಅಂತ ಎಲ್ಲರೂ ಹೇಳಿ ಕಳಿಸಿದ್ದರು. ಹೊತ್ತು ಸಾಲದೆ ಕೊನೆಯ ಪ್ರಶ್ನೆಗಳಿಗೆ ಹಾಗೇ ಮಾಡಿದಳಂತೆ. ಅದನ್ನು ಹೇಳುವಾಗ ಅವಳಿಗೆ ತಲೆ ಎತ್ತಲು ಆಗಲಿಲ್ಲ. ಇವತ್ತು ನನ್ನ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಆ ಒಂದು ಹೊತ್ತಿನಲ್ಲಿ.

ಗಣಿತ ಎಂದಾಗ ಬೀದರಿನ ಆ ಹುಡುಗ ನೆನಪಾದ. ಜನಿವಾರ ತೆಗೆಯಲಿಲ್ಲ ಅಂತ ಇದೇ ಸಿಇಟಿಯ ಗಣಿತ ಪರೀಕ್ಷೆಗೇ ಅವನನ್ನು ಒಳಗೆ ಬಿಡಲಿಲ್ಲ. ಅವನ ಅಮ್ಮನಿಗೆ ಇವತ್ತಿನ ದಿನ ಹೇಗೆ ಕಳೆಯಿತೋ.

ಮಧ್ಯಾಹ್ನದಿಂದ ಫೋನು ಶುರು. ಬೆಂಗಳೂರಿಂದ, ಹುಬ್ಬಳ್ಳಿಯಿಂದ, ಯಲ್ಲಾಪುರದಿಂದ. ಎಲ್ಲರದೂ ಒಂದೇ ಪ್ರಶ್ನೆ, "ಎಷ್ಟು ಬಂತೆ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮಗು ಎದುರಿಗೇ ಕೂತು ನನ್ನ ಬಾಯಿ ನೋಡುತ್ತಿರುತ್ತದಲ್ಲ? ನಾನು "ಅಡ್ಡಿಲ್ಲೆ" ಅಂತಷ್ಟೇ ಹೇಳಿ ಮಾತು ಬದಲಿಸಿದೆ. ಪೇಟೆಯಲ್ಲಿರುವ ನನ್ನ ಗೆಳತಿ ಒಬ್ಬಳೇ ರ‍್ಯಾಂಕ್ ಕೇಳಲಿಲ್ಲ. "ಅವಳು ಊಟ ಮಾಡಿದ್ಲಾ?" ಅಂತ ಕೇಳಿದಳು. ಅವಳ ಮಗ ನೀಟ್ ಬರೆದಿದ್ದಾನೆ. ಅದರ ಫಲಿತಾಂಶ ಇನ್ನೂ ಬಂದಿಲ್ಲ. ಕಾಯುವುದು ಎಂದರೇನು ಅಂತ ಅವಳಿಗೆ ಗೊತ್ತು. ಮೊದಲ ದಿನ ಹೀಗೇ ಕೇಳಬೇಕು ಅನ್ನಿಸಿತು. ಅಂಕದ ವಿಷಯ ವಾರ ಬಿಟ್ಟು ಕೇಳಿದರೂ ನಡೆಯುತ್ತದೆ.

ಇವರು ಮಗಳ ತಲೆ ಸವರಿ, ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋದರು. ಕೇರಳಕ್ಕೆ ಮುಂಗಾರು ಇವತ್ತೇ ಬಂತಂತೆ, ಎಂಟು ದಿನ ಮೊದಲೇ. ನಮ್ಮ ಅಡಿಕೆಗೆ ಇನ್ನೂ ಕೊಳೆರೋಗದ ಮದ್ದು ಹೊಡೆದಾಗಿಲ್ಲ. ಮರ ಒಣಗದೆ, ಮೇಲೆ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಹತ್ತುವಂತಿಲ್ಲ. ಮದ್ದಿಲ್ಲದೆ ಮಳೆ ಹಿಡಿದರೆ ಕೊಳೆ ಗ್ಯಾರಂಟಿ. ಕಾಲೇಜಿನ ಫೀ, ಹಾಸ್ಟೆಲ್ಲು, ಎಲ್ಲ ಆ ಅಡಿಕೆಯಿಂದಲೇ ಬರಬೇಕು. ಅಷ್ಟಿದ್ದೂ ತೋಟದಿಂದ ಬಂದವರು ಕೇಳಿದ್ದು, "ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟಾಗ್ತು ಅಂತ ವಿಚಾರಿಸ್ಲಾ?" ಮಗಳು ಕಡ್ಡಿ ಮುರಿದ ಹಾಗೆ ಬೇಡ ಅಂದಳು. ಸಾಲ ಮಾಡಿ ತಂದ ಸೀಟಿನಲ್ಲಿ ಕೂತು ಓದಲು ತನಗಾಗುವುದಿಲ್ಲವಂತೆ. ಇವರು ಮಾತಾಡಲಿಲ್ಲ. ಮಗಳಿಗೆ ಬೇಕಾದ್ದನ್ನು ಕೊಡಿಸಲಾಗದ ಅಪ್ಪನ ಮುಖವನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ನನ್ನ ಮನಸ್ಸಿನಲ್ಲಿ ಇನ್ನೊಂದು ಇತ್ತು. ಅದೇ ಫಲಿತಾಂಶದಲ್ಲಿ ಕೃಷಿ ವಿಭಾಗದ ರ‍್ಯಾಂಕೂ ಬಂದಿದೆ, ಇಂಜಿನಿಯರಿಂಗಿಗಿಂತ ಚೆನ್ನಾಗಿ ಬಂದಿದೆ. ಅರಣ್ಯಶಾಸ್ತ್ರದ ಸೀಟೂ ಅದರ ಮೇಲೆಯೇ ಸಿಗುವುದು. ನೋಡಿದ ಕೂಡಲೇ ನನಗೆ ಬನವಾಸಿ ರಸ್ತೆಯ ಅರಣ್ಯ ಕಾಲೇಜು ಕಣ್ಣಿಗೆ ಬಂತು. 1985ರಿಂದ ನಮ್ಮ ಊರಲ್ಲೇ ಇರುವ ಕಾಲೇಜು. ಎಲ್ಲೆಲ್ಲಿಂದಲೋ ಮಕ್ಕಳು ಬಂದು ಓದುತ್ತಾರೆ. ಅಲ್ಲಿ ಸೇರಿದರೆ ಇವಳು ಸಂಜೆ ಮನೆಗೆ ಬರುತ್ತಾಳೆ. ನಮ್ಮ ಕೇರಿಯ ಎಷ್ಟು ಮನೆಯಲ್ಲಿ ಈಗ ಇಬ್ಬರೇ ಇದ್ದಾರೆ! ಮಕ್ಕಳು ಬೆಂಗಳೂರಲ್ಲಿ, ಚೌತಿಗೆ ಬಂದರೆ ಬಂದರು. ಒಳ್ಳೆ ರ‍್ಯಾಂಕ್ ಬರಲಿ ಅಂತ ಮಾರಿಕಾಂಬೆಗೆ ಹೇಳಿಕೊಂಡವರೇ, ಮಗನನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಬಂದು ಊಟ ಬಿಟ್ಟು ಕೂತದ್ದನ್ನು ನೋಡಿದ್ದೇನೆ. ಎರಡೂ ಸುಳ್ಳಲ್ಲ. ನನಗೂ ಅವಳು ಗೆಲ್ಲಬೇಕು, ನನಗೂ ಅವಳು ಹತ್ತಿರ ಬೇಕು.

ಮಗಳಿಗೆ ಇದನ್ನು ಹೇಳಿರಲಿಲ್ಲ. ರಾತ್ರಿ ಅವಳೇ ಕೇಳಿದಳು, "ಅರಣ್ಯ ಕಾಲೇಜು ಹಾಕಿದ್ರೆ ನಿಂಗೆ ಖುಷಿ ಆಗ್ತಾ ಆಯಿ?" ಖುಷಿ ಆಗುತ್ತದೆ ಅಂದೆ. ಆದರೆ ನನ್ನ ಖುಷಿಗೆ ನಾಲ್ಕು ವರ್ಷ ಓದುವುದು ಬೇಡ, ಕಾಡು ಗಿಡ ನಿಜವಾಗಿ ಇಷ್ಟವಿದ್ದರೆ ಮಾತ್ರ ಹಾಕು ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ತನಗೆ ಕಂಪ್ಯೂಟರೇ ಬೇಕು ಅಂದಳು. ಹಳೆ ನೋಟ್‌ಬುಕ್ ತೆಗೆದು ಕಾಲೇಜುಗಳ ಪಟ್ಟಿ ಬರೆಯಲು ಶುರು ಮಾಡಿದಳು. ಬೆಂಗಳೂರಿನ ಎರಡು, ಹುಬ್ಬಳ್ಳಿಯದು, ಆಮೇಲೆ ಮಾಜಾಳಿಯಲ್ಲಿರುವ ಕಾರವಾರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ಅಲ್ಲಿ ಫೀ ಕಡಿಮೆ, ಜಿಲ್ಲೆಯೂ ನಮ್ಮದೇ. ಅದನ್ನು ಒಂದು ಮೆಟ್ಟಿಲು ಮೇಲೆ ಹಾಕು ಅಂತ ಇವರು ಹೇಳಿದರು. ಅವಳು ಒಪ್ಪಲಿಲ್ಲ. ಇಬ್ಬರೂ ಜೋರಾಗಿ ವಾದ ಮಾಡಿದರು. ಬೆಳಗಿನಿಂದ ಅವಳ ದನಿ ಮೊದಲಿನ ಹಾಗೆ ಕೇಳಿದ್ದು ಆಗಲೇ.

ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಗೆ ಇನ್ನೂ ದಿನ ಇದೆ. ಅಣಕು ಸೀಟು ಹಂಚಿಕೆ ನೋಡಿಕೊಂಡು ಕ್ರಮ ಬದಲಿಸಲೂಬಹುದು. ಸೋಮವಾರ ಇವರು ಸೊಸೈಟಿಯಲ್ಲಿ ಸಾಲದ ವಿಷಯ ಕೇಳಿಕೊಂಡು ಬರುತ್ತಾರೆ. ನಾನು ಅವಳ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ ಎಲ್ಲ ಒಂದು ಫೈಲಿಗೆ ಹಾಕಿಡಬೇಕು.