ಸಿಂಥೆಟಿಕ್ ಸೀರೆ, ಹಳೆ ಜೀನ್ಸ್ ಹಾಕಿ ಕೌದಿ ಹೊಲಿಯುವಾಗ

ಕಲಬುರಗಿ ಕಡೆ ಮನೆಗಳಲ್ಲಿ ಈಗ ಹಳೆ ನೂಲಿನ ಸೀರೆ ಸಿಗೋದೇ ಅಪರೂಪ. ಕಪಾಟಿನ ತುಂಬ ಜಾರ್ಜೆಟ್, ಪಾಲಿಯೆಸ್ಟರ್, ಹರಿದ ಜೀನ್ಸ್. ಇವುಗಳಲ್ಲೂ ಕೌದಿ ಆಗುತ್ತದೆ. ಮೈಗೆ ತಾಗುವ ಪದರ ಮಾತ್ರ ಹತ್ತಿಯದೇ ಇರಲಿ, ಹಳೆ ಧೋತರವಾದರೆ ಉತ್ತಮ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ನಮ್ಮ ಮೇ ತಿಂಗಳಲ್ಲಿ ಅದರ ಮೇಲೆ ಮಲಗುವುದೆಂದರೆ ಶಿಕ್ಷೆ.

ಹೊಸ ಹತ್ತಿ ಬಟ್ಟೆ ಹಾಕುವುದಾದರೆ ಮೊದಲು ಒಗೆದು ಒಣಗಿಸಿ. ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗದು. ಹಾಗೇ ಹೊಲಿದರೆ ಮೊದಲ ಒಗೆತಕ್ಕೇ ಮೇಲ್ಪದರ ಸುಕ್ಕುಗಟ್ಟುತ್ತದೆ.

ಜಾರ್ಜೆಟ್ ಕೈಯಲ್ಲಿ ನಿಲ್ಲುವುದಿಲ್ಲ. ಗುಂಡುಪಿನ್ನು ಸಾಲದು, ಗೇಣಿಗೊಂದು ಸಾಲಿನಂತೆ ಕಚ್ಚಾ ಹೊಲಿಗೆ ಹಾಕಿ, ಕೆಲಸ ಮುಗಿದ ಮೇಲೆ ಬಿಚ್ಚಿ. ಅಂಚಿಗೆ ಅರ್ಧ ಇಂಚು ಬಿಡಿ. ಕಾಲು ಇಂಚಾದರೆ ಎಳೆ ಕಿತ್ತು ಹೊಲಿಗೆ ಬಾಯಿಬಿಡುತ್ತದೆ. ಇಸ್ತ್ರಿ ಕಡಿಮೆ ಕಾವಿನಲ್ಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿ.

ಜೀನ್ಸ್‌ಗೆ ಮಷೀನಿನಲ್ಲಿ 16ನೇ ನಂಬರ್ ಸೂಜಿ, ಹೊಲಿಗೆಯ ಉದ್ದ 3 ಮಿ.ಮೀ. ಜೋಡಿಸಿದ ಅಂಚನ್ನು ಎರಡೂ ಬದಿಗೆ ಬಿಡಿಸಿ ಇಸ್ತ್ರಿ ಮಾಡಿ; ಒಂದೇ ಬದಿಗೆ ಮಡಚಿದರೆ ನಾಲ್ಕು ತುಂಡು ಸೇರುವ ಮೂಲೆಯಲ್ಲಿ ಸೂಜಿ ಮುರಿಯುತ್ತದೆ. ಎರಡು ಪದರಗಳ ನಡುವೆ ತುಂಬುವ ಒಳಪದರ ಬೇಡವೇ ಬೇಡ. ಅದಿಲ್ಲದೆಯೂ ಒದ್ದೆ ಜೀನ್ಸ್ ಕೌದಿ ಹಿಂಡಲು ಇಬ್ಬರು ಬೇಕು.

ಇಳಕಲ್ ಸೀರೆಯ ರೇಷ್ಮೆ ಸೆರಗು ಸೇರಿಸುವ ಆಸೆಯಿದ್ದರೆ ಬೆಳಕಿಗೆ ಹಿಡಿದು ನೋಡಿ: ಮಡಿಕೆಯ ಗೆರೆಗಳಲ್ಲಿ ಸೀಳು ಬಿಟ್ಟಿರುತ್ತದೆ. ಆ ಭಾಗ ಬಿಟ್ಟು ಕತ್ತರಿಸಿ.